ಅಂಗಡಿ ಲೆಕ್ಕದಲ್ಲಿ ಕಂಡ ಮೂಳೆ ಮುರಿತ

(ದಾವಣಗೆರೆಯ ಸಣ್ಣ ವ್ಯಾಪಾರಸ್ಥರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಣ್ಣ ವ್ಯಾಪಾರಕ್ಕೆ ಹಾಕುವ ಬಂಡವಾಳ, ಅದರಿಂದ ಊರು ಬೆಳೆಯುವ ಬಗೆ, ಇದರ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಅದರ ಜೊತೆಗೆ ಒಂದು ಕಾಯಿಲೆಯನ್ನೂ ಸೇರಿಸಿಕೊಂಡು ಬಂದಿದ್ದೇನೆ. ಮಕ್ಕಳಲ್ಲಿ ಸಣ್ಣ ಪೆಟ್ಟಿಗೇ ಮೂಳೆ ಮುರಿಯುವ ಕಾಯಿಲೆ ಅದು. ಕೆಲವರು ಮುಖ ಮುಖ ನೋಡಿಕೊಳ್ತಾ ಇದ್ದೀರಿ. ಇರಲಿ, ಸ್ವಲ್ಪ ತಾಳಿ.

ನಾನು ಡಾಕ್ಟರ್ ಅಲ್ಲ. ಅಂಗಡಿಗಳ ಲೆಕ್ಕ ಬರೆಯುವವನು. ಈ ಕಾಯಿಲೆ ನನಗೆ ಮೊದಲು ಕಂಡಿದ್ದು ಖಾತೆ ಪುಸ್ತಕದಲ್ಲಿ.

ನಾನು ಲೆಕ್ಕ ನೋಡುವ ಮನೆಗಳಲ್ಲಿ ಒಂದು ಮಂಡಕ್ಕಿ-ಮಿರ್ಚಿ ಅಂಗಡಿ ಇದೆ. ಗಂಡ ಹೆಂಡತಿ ಇಬ್ಬರೇ ನಡೆಸುವುದು. ಮಿರ್ಚಿ ವ್ಯಾಪಾರ ಮಳೆಗಾಲದಲ್ಲಿ ಏರುತ್ತೆ, ಬಿರುಬೇಸಿಗೆಯಲ್ಲಿ ಇಳಿಯುತ್ತೆ. ಇವರ ಪುಸ್ತಕದಲ್ಲಿ ಹಾಗಿರಲಿಲ್ಲ. ಜೋರು ಮಳೆ ಹಿಡಿದಾಗಲೇ ಕಡ್ಲೆಹಿಟ್ಟು, ಎಣ್ಣೆ ಖರೀದಿ ಅರ್ಧಕ್ಕೆ ಬಂದಿರುತ್ತಿತ್ತು. ಪಕ್ಕದಲ್ಲೇ ಒಂದು ಕೈಸಾಲ. ಆಮೇಲೆ ನಿಧಾನಕ್ಕೆ ಚೇತರಿಕೆ. ಕೆಲವು ತಿಂಗಳು ಕಳೆದರೆ ಮತ್ತೆ ಅದೇ ಕಥೆ. ಇಸ್ಪೀಟು ಗಿಸ್ಪೀಟು ಏನಾದರೂ ಇದೆಯಾ ಅಂತ ಅನುಮಾನಿಸಿಯೇ ಕೇಳಿದೆ. ಆ ಅಕ್ಕ ಹೇಳಿದ್ದು ಇಷ್ಟೇ: "ಹುಡುಗಿ ಕಾಲು ಮತ್ತೆ ಮುರೀತು ರೀ ಸಾರ್."

ಆ ಅಂಗಡಿ ನಷ್ಟದಲ್ಲಿ ಇರಲಿಲ್ಲ. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೆ ಮಗುವಿನ ಮೂಳೆ ಮುರಿದಾಗಲೆಲ್ಲ ನಾಳೆ ಸಾಮಾನು ತರಬೇಕಾದ ದುಡ್ಡು ಆಸ್ಪತ್ರೆಗೆ ಹೋಗುತ್ತಿತ್ತು. ನಾನು ಇವತ್ತು ಹೇಳಬೇಕು ಅಂತಿರುವುದು ಈ ದುಡ್ಡಿನ ವಿಷಯವನ್ನೇ.

ಬಂಡವಾಳ ಅಂದ ಕೂಡಲೇ ನಮಗೆ ಹೊಸ ಮಷಿನ್, ಹೊಸ ಫ್ರಿಜ್, ಹೊಸ ಬೋರ್ಡ್ ನೆನಪಾಗುತ್ತೆ. ಸರ್ಕಾರವೂ ಹೆಚ್ಚಾಗಿ ಅದನ್ನೇ ಎಣಿಸುವುದು. ಮುದ್ರಾ ಸಾಲ 2015ರ ಏಪ್ರಿಲ್‌ನಲ್ಲಿ ಶುರುವಾಯಿತು. ಶಿಶು ಅಂದರೆ 50,000 ರೂಪಾಯಿವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೂ ಉಂಟು. ಒಳ್ಳೆಯದೇ. ಅದನ್ನು ಬೇಡ ಅನ್ನುವವನು ನಾನಲ್ಲ. ಆದರೆ ಅಂಗಡಿ ಬದುಕುವುದು ತಿರುಗುವ ದುಡ್ಡಿನ ಮೇಲೆ. ಬೆಳಿಗ್ಗೆ ಸಾಮಾನಿಗೆ ಹೋದದ್ದು ರಾತ್ರಿ ಗಲ್ಲಾಪೆಟ್ಟಿಗೆಗೆ ವಾಪಸ್ ಬರಬೇಕು, ಮರುದಿನ ಮತ್ತೆ ಹೊರಡಬೇಕು. ಅದು ನಿಂತರೆ ಮಷಿನ್ ಹೊಸದಿದ್ದು ಏನು ಉಪಯೋಗ?

ನಮ್ಮ ಊರಿನ ಹೆಸರು ಎಲ್ಲ ಕಡೆ ಓಡಾಡುವುದು ಬೆಣ್ಣೆದೋಸೆಯಿಂದ. ಅದರ ಹುಟ್ಟಿನ ಬಗ್ಗೆ ಊರಲ್ಲಿ ಒಂದು ಕಥೆ ಹೇಳುತ್ತಾರೆ. 1928ರ ಹೊತ್ತಿಗೆ ಬೆಳಗಾವಿ ಸೀಮೆಯಿಂದ ಚೆನ್ನಮ್ಮ ಅನ್ನುವ ತಾಯಿ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದರಂತೆ. ನಾಟಕದ ಥಿಯೇಟರ್ ಮುಂದೆ ರಾಗಿ ದೋಸೆ ಹುಯ್ದು ಮಾರಿದರಂತೆ. ಅಕ್ಕಿ ಹಿಟ್ಟು, ಬೆಣ್ಣೆ ಎಲ್ಲ ಮಕ್ಕಳ ಕಾಲಕ್ಕೆ ಸೇರಿಕೊಂಡಿದ್ದು. ನನಗೆ ಈ ಕಥೆಯಲ್ಲಿ ದೋಸೆಗಿಂತ ಲೆಕ್ಕದ ಬಗ್ಗೆಯೇ ಕುತೂಹಲ ಜಾಸ್ತಿ. ಒಂದು ಹೆಂಚು, ಒಂದು ಒಲೆ, ದಿನದ ಹಿಟ್ಟು. ಆ ಮಕ್ಕಳಲ್ಲಿ ಒಬ್ಬನಿಗೆ ಪದೇ ಪದೇ ಕಾಲು ಮುರಿಯುವ ಕಾಯಿಲೆ ಇದ್ದಿದ್ದರೆ? ಹೆಂಚು ಒಲೆ ಎರಡೂ ಹಾಗೇ ಇರುತ್ತಿದ್ದವು. ಮರುದಿನದ ಹಿಟ್ಟಿಗೆ ದುಡ್ಡು ಇರುತ್ತಿರಲಿಲ್ಲ. ಹುಯ್ಯುವ ಕೈಯೂ ಮಗುವಿನ ಹತ್ತಿರ ಕೂತಿರುತ್ತಿತ್ತು.

ಈ ಕೈ ವಿಷಯ ಬಹಳ ಮುಖ್ಯ. ಮಂಡಕ್ಕಿ ಭಟ್ಟಿಗಳನ್ನು ನೋಡಿ. ಭತ್ತ ನೆನೆಸುವುದು, ಹುರಿಯುವುದು, ಅಕ್ಕಿ ಮಾಡಿ ಉಪ್ಪು ಹಿಡಿಸುವುದು, ಕಾದ ಮರಳಲ್ಲಿ ಅರಳಿಸುವುದು, ಜರಡಿ ಹಿಡಿದು ಚೀಲ ತುಂಬುವುದು. ಎಷ್ಟೋ ಕಡೆ ಇಡೀ ಮನೆಯೇ ಕೆಲಸಕ್ಕೆ ನಿಂತಿರುತ್ತೆ. ಆದರೆ ಮನೆ ಹೆಂಗಸಿನ ಕೂಲಿ ಅಂತ ಒಂದು ಸಾಲನ್ನೂ ನಾನು ಯಾವ ಪುಸ್ತಕದಲ್ಲೂ ನೋಡಿಲ್ಲ. ಮಗು ಪ್ಲಾಸ್ಟರ್‌ನಲ್ಲಿ ಮಲಗಿದರೆ ಮೊದಲು ಕೆಲಸ ಬಿಡುವುದು ಆಕೆಯೇ. ಹಾಗಾಗಿ ಆ ನಷ್ಟವೂ ಪುಸ್ತಕಕ್ಕೆ ಬರಲ್ಲ. ಯಜಮಾನ್ರು "ಯಾಕೋ ಈ ವರ್ಷ ಕೈ ಹತ್ತಲಿಲ್ಲ" ಅಂತಾರೆ, ಅಷ್ಟೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದಲ್ಲಿ ಹತ್ತಿ ಗಿರಣಿ ಕೆಲಸಗಾರನಿಗೆ ಸಂಬಳ ಕಮ್ಮಿ ಇರಬಹುದು, ಇಎಸ್‌ಐ ಅನ್ನುವ ಕಾರ್ಮಿಕರ ವಿಮೆ ಚೀಟಿ ಇತ್ತು. ಮಗುವಿಗೆ ಏನಾದರೂ ಆದರೆ ಹೋಗಲು ಒಂದು ಜಾಗ ಇತ್ತು. ಗಿರಣಿ ಮುಚ್ಚಿದ ಮೇಲೆ ಎಷ್ಟೋ ಜನ ಗಾಡಿ ಇಟ್ಟರು, ಅಂಗಡಿ ಹಾಕಿದರು. ತಾವೇ ಯಜಮಾನರಾದರು. ಆದರೆ ಇಎಸ್‌ಐ ಇರುವುದು ಸಂಬಳದ ಕೆಲಸಗಾರರಿಗೆ, ಅದೂ ಸಾಮಾನ್ಯವಾಗಿ 10 ಜನಕ್ಕಿಂತ ಕಡಿಮೆ ಇಲ್ಲದ ಕಡೆ. ಯಜಮಾನನಿಗೆ ಅದು ಇಲ್ಲ. ದೇಶದ ಒಟ್ಟು ಉತ್ಪನ್ನದಲ್ಲಿ ಸುಮಾರು 30 ಪರ್ಸೆಂಟ್ ಸಣ್ಣ ಮತ್ತು ಮಧ್ಯಮ ಉದ್ಯಮಗಳದ್ದು ಅಂತ ಭಾಷಣ ಮಾಡುತ್ತೇವೆ. ಅವುಗಳನ್ನು ನಡೆಸುವವನ ಮನೆಯಲ್ಲಿ ಮಗು ಬಿದ್ದರೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳುವುದಿಲ್ಲ. ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ನೇರವಾಗಿ ತಮ್ಮ ಜೇಬಿನಿಂದ ಹಾಕುವ ಪಾಲು 2013-14ರಲ್ಲಿ 64 ಪರ್ಸೆಂಟ್ ಇತ್ತು, 2021-22ಕ್ಕೆ 39ಕ್ಕೆ ಇಳಿದಿದೆ. ಇಳಿದಿರುವುದು ಸಂತೋಷವೇ. ಆದರೂ ಅಂಗಡಿಯವನ ಜೇಬು ಅಂದರೆ ಗಲ್ಲಾಪೆಟ್ಟಿಗೆ. ಬೇರೆ ಜೇಬು ಅವನಿಗೆ ಇಲ್ಲ.

ಈಗ ಕಾಯಿಲೆಗೆ ಬರೋಣ. ಇದರ ಪೂರ್ತಿ ಹೆಸರು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ಡಾಕ್ಟರುಗಳು ಓ.ಐ. ಅಂತಾರೆ, ನಾವೂ ಹಾಗೇ ಅನ್ನೋಣ. 15ರಿಂದ 20 ಸಾವಿರ ಹೆರಿಗೆಗೆ ಒಂದು ಮಗುವಿನಲ್ಲಿ ಇರುತ್ತೆ ಅನ್ನುವುದು ಸಾಮಾನ್ಯ ಅಂದಾಜು. ಅಪರೂಪವೇ. ಆದರೆ ನಮ್ಮ ಜಿಲ್ಲೆಯಷ್ಟು ದೊಡ್ಡ ಜಾಗದಲ್ಲಿ ಇಂಥ ಮಕ್ಕಳು ಇದ್ದೇ ಇರುತ್ತಾರೆ.

ಮೂಳೆ ಅಂದರೆ ಬರೀ ಸುಣ್ಣ ಅಲ್ಲ. ತಾರಸಿ ಹಾಕಿಸಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಕ್ಯಾಲ್ಸಿಯಂ ಸಿಮೆಂಟ್ ಇದ್ದ ಹಾಗೆ, ಕೊಲಾಜನ್ ಅನ್ನುವ ಪ್ರೋಟೀನು ಒಳಗಿನ ಕಬ್ಬಿಣ ಇದ್ದ ಹಾಗೆ. ಓ.ಐ. ಇರುವ ಮಗುವಿಗೆ ಈ ಕೊಲಾಜನ್ ಕಡಿಮೆ ತಯಾರಾಗುತ್ತೆ, ಇಲ್ಲವೇ ತಯಾರಾದದ್ದೇ ಸರಿ ಇರಲ್ಲ. ಹೆಚ್ಚಿನ ಮಕ್ಕಳಲ್ಲಿ ಕೊಲಾಜನ್ ತಯಾರಿಸುವ ಎರಡು ಜೀನ್‌ಗಳಲ್ಲಿ ಒಂದರಲ್ಲಿ ತಪ್ಪು ಇರುತ್ತೆ. ಆದ್ದರಿಂದ ಹಾಲು, ಮೊಟ್ಟೆ, ರಾಗಿ ಎಷ್ಟು ಕೊಟ್ಟರೂ ಇದು ವಾಸಿ ಆಗಲ್ಲ. ಕೊಡಬೇಡಿ ಅಂತಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ ಎರಡೂ ಬೇಕೇ ಬೇಕು. ಆದರೆ "ತಾಯಿ ಸರಿಯಾಗಿ ಹಾಲು ಕುಡಿಸಲಿಲ್ಲ, ಅದಕ್ಕೇ ಹೀಗಾಯ್ತು" ಅನ್ನುವ ಅತ್ತೆಯಂದಿರು ಇಲ್ಲಿ ಯಾರಾದರೂ ಇದ್ದರೆ ಇವತ್ತಿಗೆ ಆ ಮಾತು ನಿಲ್ಲಿಸಿ.

ಎಲ್ಲ ಮಕ್ಕಳಲ್ಲಿ ಒಂದೇ ತರ ಇರಲ್ಲ. 1979ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಸಿಲೆನ್ಸ್ ಮತ್ತು ಅವರ ಜೊತೆಯವರು ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಆಮೇಲೆ ಇನ್ನಷ್ಟು ಸೇರಿವೆ. ಮೊದಲನೆಯದು ಎಲ್ಲಕ್ಕಿಂತ ಸೌಮ್ಯ. ಮಗು ನಡೆಯುತ್ತೆ, ಓಡುತ್ತೆ, ನಡುನಡುವೆ ಮುರಿತ ಆಗುತ್ತೆ, ಅಷ್ಟೇ. ಎರಡನೆಯದರಲ್ಲಿ ಮಗು ಉಳಿಯುವುದೇ ಕಷ್ಟ. ಮೂರನೆಯದು ತೀವ್ರ. ಕೈಕಾಲು ಡೊಂಕಾಗುತ್ತೆ, ಎತ್ತರ ಬೆಳೆಯಲ್ಲ, ಬೆನ್ನು ಬಾಗಬಹುದು. ನಾಲ್ಕನೆಯದು ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವಿನದು.

ಗುರುತು ಹಿಡಿಯುವುದು ಹೇಗೆ? ಪೆಟ್ಟು ಸಣ್ಣದು, ಮುರಿತ ದೊಡ್ಡದು. ಇದು ಪದೇ ಪದೇ ಆಗುತ್ತಿದ್ದರೆ ಅನುಮಾನ ಬರಬೇಕು. ಕೆಲವು ಮಕ್ಕಳ ಕಣ್ಣಿನ ಬಿಳಿ ಭಾಗ ನೀಲಿಯಾಗಿ ಕಾಣುತ್ತೆ. ಎಳೇ ಕೂಸುಗಳಲ್ಲಿ ಸ್ವಲ್ಪ ನೀಲಿ ಸಹಜ, ಅದೊಂದನ್ನೇ ನೋಡಿ ಹೆದರಬೇಡಿ. ಹಲ್ಲು ಕಂದಾಗಿ ಬೇಗ ಸವೆಯಬಹುದು. ಕೀಲುಗಳು ಸಡಿಲ ಇರಬಹುದು. ಮನೆಯಲ್ಲಿ ದೊಡ್ಡವರಿಗೆ ಚಿಕ್ಕ ವಯಸ್ಸಿಗೇ ಕಿವಿ ಮಂದ ಆಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಮಗುವಿನ ಬುದ್ಧಿಗೆ ಮಾತ್ರ ಇದರಿಂದ ಏನೂ ಆಗಲ್ಲ.

ನಮ್ಮ ಕಡೆ ಒಂದು ಅಭ್ಯಾಸ ಇದೆ. ಕೂಸಿಗೆ ಎರೆಯುವಾಗ ಅಜ್ಜಿ ಎಣ್ಣೆ ಹಚ್ಚಿ, ಕೈಕಾಲು ಎಳೆದು, ಅಡ್ಡ ಮಡಚಿ, ಚೆನ್ನಾಗಿ ತಿಕ್ಕುತ್ತಾಳೆ. ಬೇರೆ ಕೂಸುಗಳು ತಡೆದುಕೊಂಡಾವು. ಓ.ಐ. ಇರುವ ಕೂಸಿನ ಮೂಳೆ ಅಷ್ಟಕ್ಕೇ ಮುರಿಯಬಹುದು. ಬಟ್ಟೆ ಬದಲಿಸುವಾಗ ಎರಡೂ ಪಾದ ಹಿಡಿದು ಮೇಲೆತ್ತುವುದೂ ಬೇಡ. ಕುಂಡಿ ಕೆಳಗೆ ಒಂದು ಕೈ, ಕತ್ತು ಮತ್ತು ಭುಜದ ಕೆಳಗೆ ಇನ್ನೊಂದು ಕೈ, ಹೀಗೆ ಎತ್ತಬೇಕು. ಕಂಕುಳಿಗೆ ಕೈ ಹಾಕಿ ಎತ್ತಬಾರದು. ಇನ್ನೊಂದು ಅಭ್ಯಾಸ, ಮುರಿದ ಕೂಡಲೇ ನಾಟಿ ಕಟ್ಟು ಕಟ್ಟುವವರ ಹತ್ತಿರ ಓಡುವುದು. ಈ ಮಕ್ಕಳ ಮೂಳೆ ಕೂಡಿಕೊಳ್ಳಲು ಎಲ್ಲರಷ್ಟೇ ಸಮಯ ಸಾಕು, ಕೂಡಿಯೂ ಕೂಡುತ್ತೆ. ಆದರೆ ಎಳೆದು ಬಿಗಿದು ಕಟ್ಟಿದರೆ ಡೊಂಕಾಗಿ ಕೂಡುತ್ತೆ, ಡೊಂಕಾದ ಜಾಗದಲ್ಲೇ ಮತ್ತೆ ಮುರಿಯುತ್ತೆ. ತಿಂಗಳುಗಟ್ಟಲೆ ಮಲಗಿಸಿಟ್ಟರೂ ಅಷ್ಟೇ. ಅಲ್ಲಾಡದ ಮೂಳೆ ಇನ್ನೂ ತೆಳ್ಳಗಾಗುತ್ತೆ. ಪ್ಲಾಸ್ಟರ್ ಬಿಚ್ಚಿದ ವಾರಕ್ಕೇ ಮತ್ತೆ ಮುರಿಯಿತು ಅಂತ ಅಳುವವರ ಮನೆಗಳಲ್ಲಿ ನಡೆಯುವುದು ಇದೇ.

ಇದಕ್ಕೆ ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ. ಆದರೆ ಕೈಕಟ್ಟಿ ಕೂರುವ ಕಾಲವೂ ಅಲ್ಲ. 1998ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಫ್ರಾನ್ಸಿಸ್ ಗ್ಲೋರಿಯೂ ಮತ್ತು ಜೊತೆಯ ಡಾಕ್ಟರುಗಳು ತೀವ್ರ ಓ.ಐ. ಇದ್ದ 30 ಮಕ್ಕಳಿಗೆ ಪ್ಯಾಮಿಡ್ರೊನೇಟ್ ಅನ್ನುವ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಮೂಳೆ ಗಟ್ಟಿಯಾಗಿತ್ತು, ಮುರಿತ ಕಡಿಮೆಯಾಗಿತ್ತು, ನೋವು ಇಳಿದಿತ್ತು. ಆಮೇಲೆ ಜಗತ್ತಿನ ಬೇರೆ ಕಡೆಗಳಲ್ಲೂ ಈ ಜಾತಿಯ ಔಷಧ ಬಳಕೆಗೆ ಬಂತು. ಪ್ಯಾಮಿಡ್ರೊನೇಟ್ ಆದರೆ ಕೆಲವು ತಿಂಗಳಿಗೊಮ್ಮೆ, ಒಂದೊಂದು ಸಲ ಎರಡು ಮೂರು ದಿನ ಡ್ರಿಪ್. ಝೋಲೆಡ್ರೊನಿಕ್ ಆಸಿಡ್ ಆದರೆ ಹೆಚ್ಚಾಗಿ ಆರು ತಿಂಗಳಿಗೊಮ್ಮೆ, ಒಂದೇ ದಿನ. ಮೊದಲ ಸಲ ಜ್ವರ, ಮೈಕೈ ನೋವು ಬರುವುದುಂಟು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಬಹುದು, ಅದಕ್ಕೇ ಮುಂಚೆ ಪರೀಕ್ಷೆ ಮಾಡುತ್ತಾರೆ. ಯಾವ ಮಗುವಿಗೆ ಯಾವುದು, ಎಷ್ಟು ಅನ್ನುವುದು ಡಾಕ್ಟರ್ ತೀರ್ಮಾನ. ಕಾಲು ತೀರಾ ಡೊಂಕಾದರೆ ಮೂಳೆ ನೆಟ್ಟಗೆ ಮಾಡಿ ಒಳಗೆ ರಾಡ್ ಹಾಕುತ್ತಾರೆ. ಮಗು ಬೆಳೆದ ಹಾಗೆ ತಾನೂ ಉದ್ದವಾಗುವ ರಾಡ್‌ಗಳೂ ಬಂದಿವೆ. ಜೊತೆಗೆ ಫಿಸಿಯೋಥೆರಪಿ. ನೀರಿನಲ್ಲಿ ಮಾಡಿಸುವ ವ್ಯಾಯಾಮ ಈ ಮಕ್ಕಳಿಗೆ ಒಳ್ಳೆಯದು.

ಈಗ ಲೆಕ್ಕದವನಾಗಿ ಮಾತಾಡುತ್ತೇನೆ. ಕಾಯಿಲೆ ಏನು ಅಂತ ಗೊತ್ತಾಗುವ ಮೊದಲು ಆ ಮಿರ್ಚಿ ಅಂಗಡಿಯ ಖರ್ಚು ದಿಢೀರ್ ಖರ್ಚು. ಯಾವತ್ತು ಬರುತ್ತೆ, ಎಷ್ಟು ಬರುತ್ತೆ, ಒಂದೂ ಗೊತ್ತಿಲ್ಲ. ದಿಢೀರ್ ಖರ್ಚಿಗೆ ಬ್ಯಾಂಕ್ ಬಾಗಿಲು ತೆರೆಯಲ್ಲ. ತೆರೆಯುವುದು ಬಡ್ಡಿ ವ್ಯಾಪಾರದವನ ಬಾಗಿಲು. ಕಾಯಿಲೆ ಗೊತ್ತಾಗಿ ಡ್ರಿಪ್ ಶುರುವಾದ ಮೇಲೆ ಖರ್ಚಿನ ದೊಡ್ಡ ಭಾಗಕ್ಕೆ ತಾರೀಖು ಸಿಕ್ಕಿತು. ತಾರೀಖು ಇರುವ ಖರ್ಚನ್ನು ಯಾವ ಅಂಗಡಿಯವನೂ ನಿಭಾಯಿಸುತ್ತಾನೆ. ಬಾಡಿಗೆ ಕಟ್ಟಲ್ವಾ? ಕರೆಂಟ್ ಬಿಲ್ ಕಟ್ಟಲ್ವಾ? ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ ಅಂತ ಮುಂಚೆಯೇ ಕೂಡಿಡಲ್ವಾ? ಇದೂ ಹಾಗೇ ಒಂದು ಸಾಲು. ಮುರಿತ ಪೂರ್ತಿ ನಿಲ್ಲುತ್ತೆ ಅಂತ ನಾನು ಹೇಳಲ್ಲ. ಕಡಿಮೆಯಾದರೂ ಸಾಕು, ತಿರುಗುವ ದುಡ್ಡು ತಿರುಗುತ್ತೆ.

ಅದಕ್ಕೆ ಹೊಸದೇನೂ ಬೇಡ. ನಿಮ್ಮ ಅಂಗಡಿಗೆ ಸಂಜೆ ಬರುವ ಪಿಗ್ಮಿ ಕಲೆಕ್ಟರ್ ಸಾಕು. ಈ ಪಿಗ್ಮಿ ಅನ್ನುವುದು ನಮ್ಮ ರಾಜ್ಯದಲ್ಲೇ ಹುಟ್ಟಿದ್ದು. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಬ್ಯಾಂಕು 1928ರಲ್ಲಿ ಶುರು ಮಾಡಿತು, ದಿನಕ್ಕೆ ಎರಡಾಣೆ ಲೆಕ್ಕದಲ್ಲಿ. ಅಂಗಡಿಗೆ ಒಂದು ಪಿಗ್ಮಿ ಇದ್ದರೆ ಮಗುವಿಗೆ ಅಂತ ಇನ್ನೊಂದು ತೆಗೆಯಿರಿ. ದಿನಕ್ಕೆ 50 ರೂಪಾಯಿ ಅಂದರೆ 180 ದಿನಕ್ಕೆ 9,000. ಎರಡೂ ಪುಸ್ತಕ ಬೇರೆ ಬೇರೆ ಇರಲಿ. ಮಗುವಿನ ದುಡ್ಡಲ್ಲಿ ಎಣ್ಣೆ ಡಬ್ಬ ತರಬೇಡಿ, ಎಣ್ಣೆ ಡಬ್ಬದ ದುಡ್ಡಲ್ಲಿ ಎಕ್ಸ್-ರೇ ತೆಗೆಸಬೇಡಿ. ಹೇಳೋದು ಸುಲಭ ಅಂತ ಅಲ್ಲಿ ಹಿಂದೆ ಕೂತ ಅಣ್ಣ ನಗುತ್ತಿದ್ದಾರೆ. ನಿಜ, ಸುಲಭ ಅಲ್ಲ. ಆದರೆ ಒಂದೇ ಗಲ್ಲಾದಲ್ಲಿ ಎರಡೂ ಇಟ್ಟುಕೊಂಡು ಉಳಿದ ಅಂಗಡಿಯನ್ನು ನಾನು ಕಂಡಿದ್ದು ಕಮ್ಮಿ.

ಸರ್ಕಾರದಿಂದ ಸಿಗುವುದನ್ನು ಬೇಗ ಬೇಗ ಹೇಳುತ್ತೇನೆ. ಕೇಂದ್ರದ ಅಪರೂಪದ ಕಾಯಿಲೆಗಳ ನೀತಿ 2021ರಲ್ಲಿ ಬಂತು. ಓ.ಐ. ಅದರ ಪಟ್ಟಿಯಲ್ಲಿದೆ. ಗುರುತಿಸಿದ ದೊಡ್ಡ ಕೇಂದ್ರಗಳ ಮೂಲಕ 50 ಲಕ್ಷದವರೆಗೆ ನೆರವಿಗೆ ಅವಕಾಶ ಇದೆ. ನಮಗೆ ಹತ್ತಿರ ಅಂದರೆ ಬೆಂಗಳೂರು, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಕಡೆ ವಿಚಾರಿಸಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಮಗುವಿಗೆ ನಡೆದಾಡಲು ತೊಂದರೆ ಇದ್ದರೆ ಅಂಗವಿಕಲತೆಯ ಯುಡಿಐಡಿ ಕಾರ್ಡ್ ಮಾಡಿಸಿ. ಅದರಲ್ಲಿ ಅಂಗವಿಕಲತೆ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿರುವ ತಂದೆತಾಯಿಗೆ 75,000 ರೂಪಾಯಿ ವಿನಾಯಿತಿ ಉಂಟು, 80 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,25,000. ಖಾಸಗಿ ವಿಮೆ ಮಾಡಿಸುವವರು ಹುಟ್ಟಿನಿಂದ ಬಂದ ಕಾಯಿಲೆ ಬಗ್ಗೆ ಪಾಲಿಸಿಯಲ್ಲಿ ಏನು ಬರೆದಿದೆ ಅಂತ ಓದಿಸಿಕೊಂಡು ಸಹಿ ಹಾಕಿ. ಏಜೆಂಟ್ ಬಾಯಿಮಾತು ನಂಬಬೇಡಿ.

ಶಾಲೆ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. "ಬಿದ್ದರೆ ಯಾರು ಜವಾಬ್ದಾರಿ" ಅಂತ ಮಗುವನ್ನು ಸೇರಿಸಿಕೊಳ್ಳದ ಶಾಲೆಗಳಿವೆ. ಕ್ಲಾಸನ್ನು ಕೆಳಗಿನ ಮಹಡಿಗೆ ತರುವುದು, ಬೆಲ್ ಹೊಡೆಯುವ ಐದು ನಿಮಿಷ ಮೊದಲೇ ಮಗುವನ್ನು ಹೊರಗೆ ಬಿಡುವುದು, ಬ್ಯಾಗ್ ಹೊರಿಸದಿರುವುದು. ಇಷ್ಟಕ್ಕೆ ಎಷ್ಟು ಖರ್ಚಾಗುತ್ತೆ? ಉಮ್ಮುಲ್ ಖೇರ್ ಅನ್ನುವ ಹೆಣ್ಣುಮಗಳ ಬಗ್ಗೆ ನೀವು ಕೇಳಿರಬಹುದು. ಇದೇ ಕಾಯಿಲೆ, ದೆಹಲಿಯ ಜೋಪಡಿಯಲ್ಲಿ ಬೆಳೆದವರು, ಮಕ್ಕಳಿಗೆ ಟ್ಯೂಷನ್ ಹೇಳಿ ತಮ್ಮ ಓದಿನ ಖರ್ಚು ನೋಡಿಕೊಂಡವರು. 2016ರ ಯುಪಿಎಸ್‌ಸಿ ಪರೀಕ್ಷೆಯಲ್ಲಿ 420ನೇ ರ‍್ಯಾಂಕ್ ಪಡೆದರು. ಎಲ್ಲ ಮಕ್ಕಳೂ ಹಾಗೇ ಆಗಬೇಕು ಅಂತ ಹೇಳುತ್ತಿಲ್ಲ. ನನ್ನ ಕಣ್ಣಿಗೆ ಬಿದ್ದಿದ್ದು ಟ್ಯೂಷನ್. ಅದೂ ಒಂದು ಸಣ್ಣ ವ್ಯಾಪಾರವೇ, ಅಲ್ವಾ? ಬಂಡವಾಳ ಓದು ಮಾತ್ರ. ಆ ಓದನ್ನೇ ಶಾಲೆಯ ಗೇಟಿನಲ್ಲಿ ತಡೆದರೆ ಮುಂದೆ ಆ ಮಗು ಯಾವ ವ್ಯಾಪಾರ ಮಾಡೀತು?

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ತಂಗಿ ಕೇಳಿದ್ದು: "ಸೋದರಮಾವನ್ನೇ ಮದುವೆ ಆಗಿದ್ದಕ್ಕೆ ಹೀಗಾಯ್ತು ಅಂತಾರೆ, ಹೌದಾ ಸಾರ್?" ಹೌದು ಅಂತಲೂ ಅಲ್ಲ, ಅಲ್ಲ ಅಂತಲೂ ಅಲ್ಲ. ಹೆಚ್ಚಿನ ಓ.ಐ. ಬರುವುದು ಬೇರೆ ದಾರಿಯಲ್ಲಿ. ತಂದೆ ತಾಯಿಯಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಎಷ್ಟೋ ಸಲ ಇಬ್ಬರಲ್ಲೂ ಇರಲ್ಲ, ಮಗುವಿನಲ್ಲೇ ಹೊಸದಾಗಿ ಶುರುವಾಗಿರುತ್ತೆ. ಅದಕ್ಕೆ ಯಾರೂ ಕಾರಣ ಅಲ್ಲ. ಕೆಲವು ಬಗೆಗಳು ಮಾತ್ರ ತಂದೆ ತಾಯಿ ಇಬ್ಬರಲ್ಲೂ ಕಾಣದ ಹಾಗೆ ಇದ್ದು ಮಗುವಿನಲ್ಲಿ ಸೇರುತ್ತವೆ. ರಕ್ತಸಂಬಂಧದ ಮದುವೆಯಲ್ಲಿ ಹಾಗಾಗುವುದು ಜಾಸ್ತಿ, ಆಗ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ನಿಮ್ಮದು ಯಾವುದು ಅಂತ ಜೀನ್ ಪರೀಕ್ಷೆಯಿಂದ ತಿಳಿಯಬಹುದು. ಇನ್ನೊಂದು ಮಗು ಬೇಕು ಅಂತಿದ್ದರೆ ಮುಂಚೆಯೇ ಡಾಕ್ಟರ್ ಹತ್ತಿರ ಈ ಬಗ್ಗೆ ಮಾತಾಡಿ. ಊರಿನವರ ಮಾತಿಗೆ ಮಾತ್ರ ಕಿವಿ ಕೊಡಬೇಡಿ.

ಇನ್ನೊಬ್ಬರು, ಸಾಲ ಇರುವವರು: "ಮಗುವಿನ ಕಾಯಿಲೆ ಬ್ಯಾಂಕಿಗೆ ಹೇಳಬೇಕಾ? ಹೇಳಿದರೆ ಮುಂದೆ ಸಾಲ ಕೊಡದೇ ಹೋದರೆ?" ಕಂತು ತಪ್ಪುವ ಮೊದಲೇ ಹೋಗಿ ಹೇಳಿ. ಕಂತು ಬಾಕಿ ಬಿದ್ದು 30 ದಿನ ದಾಟಿದರೆ ಬ್ಯಾಂಕಿನ ಪಟ್ಟಿಯಲ್ಲಿ ನಿಮ್ಮ ಖಾತೆ ಮೇಲೆ ಗುರುತು ಬಿದ್ದಿರುತ್ತೆ, 60 ದಾಟಿದರೆ ಇನ್ನೂ ಒಂದು ಮೆಟ್ಟಿಲು ಕೆಳಗೆ, 90 ದಾಟಿದರೆ ಕೆಟ್ಟ ಸಾಲ, ಅಂದರೆ ಎನ್‌ಪಿಎ. ಆಮೇಲೆ ಮ್ಯಾನೇಜರ್ ಒಳ್ಳೆಯವರಾದರೂ ಕೈ ಕಟ್ಟಿರುತ್ತೆ. ಮೊದಲೇ ಹೋದರೆ ಕಂತಿನ ತಾರೀಖು ಬದಲಿಸಿ, ಅವಧಿ ಉದ್ದ ಮಾಡಿ ಅಂತ ಕೇಳಲು ದಾರಿ ಇರುತ್ತೆ. ಬಾಯಲ್ಲಿ ಹೇಳಿ ಬರಬೇಡಿ, ಅರ್ಜಿ ಬರೆದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಡ್ರಿಪ್ ಯಾವ್ಯಾವ ತಿಂಗಳು ಅಂತ ಡಾಕ್ಟರ್ ಬರೆದುಕೊಟ್ಟ ಚೀಟಿ, ಪಿಗ್ಮಿ ಪುಸ್ತಕ, ಎರಡರ ಜೆರಾಕ್ಸನ್ನೂ ಅರ್ಜಿ ಜೊತೆ ಇಡಿ.